ತಾತನ ಇನ್‌ಸ್ಪೆಕ್ಷನ್ನಿಗೆ ಬಂದ ಯೋಯೋ

ಎಸೆದ ಯೋಯೋ ಕೈಗೆ ವಾಪಸ್ ಬರಬೇಕು ಅನ್ನುವುದು ನಮ್ಮ ಕಾಲದವರ ನಂಬಿಕೆ. ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಯೋಯೋ ಮನೆ ಸೇರುವ ಮೊದಲೇ ಎರಡು ಹೋಳಾಗುತ್ತಿತ್ತು, ನಿಜ. ಆದರೆ ಬದುಕಿದ್ದಷ್ಟು ಹೊತ್ತು, ಪಾಪ, ಹೋದ ದಾರಿಯಲ್ಲೇ ನಿಯತ್ತಾಗಿ ವಾಪಸ್ ಬರುತ್ತಿತ್ತು. ನನ್ನ ಮೊಮ್ಮಗನ ಯೋಯೋಗೆ ನೂರು ಡಾಲರಿಗೂ ಮೇಲೆ ಬೆಲೆ. ನಮ್ಮ ಲೆಕ್ಕದಲ್ಲಿ ಎಂಟು ಸಾವಿರ ರೂಪಾಯಿ ದಾಟುತ್ತದೆ. ಅದು ಮಾತ್ರ ವಾಪಸ್ ಬರುವುದಿಲ್ಲ! ಕೆಟ್ಟುಹೋಗಿದೆಯೇನೋ ಅಂತ ನಾನು ಕನಿಕರ ತೋರಿಸಿದರೆ, "ಅಯ್ಯೋ ಅಜ್ಜಿ, ಬರ್ದೇ ಇರೋದೇ ಅದರ ಸ್ಪೆಷಾಲಿಟಿ" ಅಂದ.

ಜಾಸ್ತಿ ದುಡ್ಡು ಕೊಟ್ಟ ವಸ್ತು ಜಾಸ್ತಿ ಬಿಂಕ ಮಾಡುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ, ಹಾಗಾಗಿ ಸುಮ್ಮನಾದೆ. ನಮ್ಮೆಜಮಾನ್ರು ಸುಮ್ಮನಾಗಲಿಲ್ಲ. ಇವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿದ್ದವರು. ಕಂಪನಿ ಇವರನ್ನು ರಿಟೈರ್ ಮಾಡಿತು, ಇನ್‌ಸ್ಪೆಕ್ಷನ್ ಇನ್ನೂ ಮಾಡಿಲ್ಲ. ನನ್ನ ಚಪಾತಿಯ ದಪ್ಪ ಅಳೆದು "ಅಂಚಿನಲ್ಲಿ ಅರ್ಧ ಮಿಲಿಮೀಟರ್ ಓವರ್‌ಸೈಜು" ಅಂತ ಷರಾ ಬರೆದ ಪುಣ್ಯಾತ್ಮರು. ಆರು ತಿಂಗಳ ವೀಸಾದಲ್ಲಿ ಮಗಳ ಮನೆಗೆ, ಒರೆಗಾನಿನ ಬೀವರ್ಟನ್ನಿಗೆ ಹೊರಟಾಗ ನಾನು ಸೂಟ್‌ಕೇಸಿಗೆ ಚಟ್ನಿಪುಡಿ, ಸಾರಿನಪುಡಿ ತುಂಬಿದರೆ ಇವರು ವರ್ನಿಯರ್ ಕ್ಯಾಲಿಪರ್ ತುಂಬಿದ್ದರು. ಅಲ್ಲೇನ್ರೀ ಅಳೀತೀರ ಅಂತ ಕೇಳಿದ್ದಕ್ಕೆ "ಇರ್ಲಿ ಬಿಡೇ, ಬೇಕಾಗತ್ತೆ" ಅಂದಿದ್ದರು. ಬೇಕಾಯಿತು ನೋಡಿ.

ವಾಪಸ್ ಬಾರದಿರುವುದಕ್ಕೆ ಕಾರಣ ಹೊಟ್ಟೆಯೊಳಗಿನ ಬಾಲ್ ಬೇರಿಂಗು. ನಮ್ಮ ಜಾತ್ರೆ ಯೋಯೋದಲ್ಲಿ ದಾರವನ್ನು ನಡುವಿನ ಕಡ್ಡಿಗೆ ಗಂಟು ಹಾಕಿರುತ್ತಿದ್ದರು. ಕೆಳಗೆ ಹೋಗಿ ದಾರ ಮುಗಿದ ಮೇಲೆ ಅದೇ ರಭಸದಲ್ಲಿ ಸುತ್ತಿಕೊಂಡು ಮೇಲೆ ಬರದೆ ಅದಕ್ಕೆ ಬೇರೆ ಗತಿ ಇರಲಿಲ್ಲ. ಇದರಲ್ಲಿ ದಾರ ಕೂತಿರುವುದು ಬೇರಿಂಗಿನ ಹೊರಬಳೆಯ ಮೇಲೆ. ಯೋಯೋ ಮೈ, ಅಚ್ಚು, ಒಳಬಳೆ ಎಲ್ಲ ಸೇರಿ ನಿಮಿಷಕ್ಕೆ ಸಾವಿರಾರು ಸುತ್ತು ಹೊಡೆಯುತ್ತಿದ್ದರೂ ಹೊರಬಳೆಯೂ ದಾರವೂ ತಮಗೇನೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿರುತ್ತವೆ. ಎಷ್ಟು ಜಗ್ಗಿದರೂ ಮೇಲೆ ಬರುವ ಮಾತೇ ಇಲ್ಲ. ಬರಿಸಲೇಬೇಕೆಂದರೆ ದಾರದ ಒಂದು ಮಡಿಕೆಯನ್ನು ಎರಡು ಹೋಳುಗಳ ಸಂದಿಗೆ ತೂರಿಸಬೇಕು. ಒಳಗೋಡೆಯಲ್ಲಿರುವ ಸಿಲಿಕೋನ್ ಬಳೆ ಅದನ್ನು ಕಚ್ಚಿಕೊಂಡು ಸರ್ರನೆ ಸುತ್ತಿ ಅಂಗೈಗೆ ತಂದು ಬಡಿಯುತ್ತದೆ. ಇದಕ್ಕೆ ಬೈಂಡ್ ಅನ್ನುತ್ತಾರೆ. ಕಲಿಯುವವರಿಗೆ ಮೊದಲ ಪಾಠವೂ ಇದೇ, ಮೊದಲ ಪೆಟ್ಟೂ ಇದೇ. ನಮ್ಮೆಜಮಾನ್ರ ಬೆರಳಿನ ಗೆಣ್ಣು ಊದಿಕೊಂಡು ನಾನು ಐಸ್ ಒತ್ತಿದ್ದೂ ಇದರ ದೆಸೆಯಿಂದಲೇ.

ಎಸೆದ ಯೋಯೋ ತಾನಾಗೇ ವಾಪಸ್ ಬರಬೇಕೆಂದರೆ ಬಾಹ್ಯಾಕಾಶವೇ ಸರಿಯಾದ ಜಾಗ. 1985ರ ಏಪ್ರಿಲ್‌ನಲ್ಲಿ ಡಿಸ್ಕವರಿ ನೌಕೆಯಲ್ಲಿ ಹೋದ ಗಗನಯಾತ್ರಿ ಡೇವಿಡ್ ಗ್ರಿಗ್ಸ್ ಅಲ್ಲಿ ಯೋಯೋ ಆಡಿ ತೋರಿಸಿದ್ದರು. ತೂಕವೇ ಇಲ್ಲದ ಜಾಗದಲ್ಲಿ ದಾರ ಬಿಗಿಯಾಗಿ ನಿಲ್ಲುವುದಿಲ್ಲವಾದ್ದರಿಂದ ತುದಿಯಲ್ಲಿ ನಿಂತು ತಿರುಗುವುದು ಯೋಯೋಗೆ ಆಗಲಿಲ್ಲ, ಎಸೆದರೆ ಸೀದಾ ಕೈಗೆ ವಾಪಸ್ ಬರುತ್ತಿತ್ತು. ನನ್ನಂಥವಳು ಆಡಬೇಕಾದರೆ ಬಾಹ್ಯಾಕಾಶಕ್ಕೇ ಹೋಗಬೇಕೇನೋ.

ಮೊಮ್ಮಗನ ಯೋಯೋ ಹೆಸರು ಸಮಿಟ್. ಇದಕ್ಕೆ ತಂದೆ ಇಬ್ಬರು. ಕೆನಡಾದ ಎಡ್ಮಂಟನ್ನಿನ ಕ್ಯಾರಿಬೂ ಲಾಡ್ಜ್ ಯೋಯೋ ವರ್ಕ್ಸ್ ಒಂದು ಕಡೆ. ಬೀವರ್ಟನ್ನಿನಿಂದ ಎರಡು ಗಂಟೆ ದಾರಿಯ ಯೂಜೀನ್ ಊರಿನ ಒನ್ ಡ್ರಾಪ್ ಇನ್ನೊಂದು ಕಡೆ. ಎರಡೂ ಸಣ್ಣ ಕಂಪನಿಗಳು, ಎರಡೂ ಒಂದೇ ಗಿರಾಕಿಯ ಜೇಬಿನ ಮೇಲೆ ಕಣ್ಣಿಟ್ಟವು. ಕೆನಡಾದವರು ತಮ್ಮ ಯೋಯೋಗಳಿಗೆ ಪೀಕ್, ಅವಲಾಂಚ್, ಆರ್ಕ್ಟಿಕ್ ಸರ್ಕಲ್, ವೂಲಿ ಮಾರ್ಮಟ್ ಅಂತೆಲ್ಲ ಹೆಸರಿಡುತ್ತಾರೆ. ಯೂಜೀನಿನವರು ಇಡುವುದು ಬೆಂಚ್‌ಮಾರ್ಕ್, ಕೋಡ್ ಒನ್, ಫಾರ್ಮ್ಯಾಟ್ ಸಿ ಅಂತ. ಯಾರು ಹಿಮದ ಬೆಟ್ಟ ಸುತ್ತಿದವರು, ಯಾರು ಕಂಪ್ಯೂಟರ್ ಮುಂದೆ ಕೂತವರು ಅಂತ ಬೇರೆ ಹೇಳಬೇಕಿಲ್ಲ. ಬೆಂಚ್‌ಮಾರ್ಕ್ ಅನ್ನಂತೂ ವಿ, ಓ, ಎಚ್, ಡಬ್ಲ್ಯೂ ಅಂತ ನಾಲ್ಕು ಬೇರೆ ಬೇರೆ ಆಕಾರದಲ್ಲಿ ಕಡೆದು, ಯಾವುದು ಹೇಗೆ ಆಡುತ್ತದೆ ನೀವೇ ನೋಡಿ ಅಂತ ಗಿರಾಕಿಯ ಮುಂದಿಟ್ಟವರು. ಸ್ವಂತ ಯಂತ್ರಶಾಲೆ ಇಟ್ಟುಕೊಂಡವರಿಗೆ ಇಂಥ ಹುಚ್ಚು ಮಾಡಲು ಧೈರ್ಯ ಬರುತ್ತದೆ. ಇದನ್ನು ಕೇಳಿದ್ದೇ ತಡ, ನಮ್ಮೆಜಮಾನ್ರಿಗೆ ಯೂಜೀನಿನವರ ಮೇಲೆ ಗೌರವ ಉಕ್ಕಿತು. ಅಲ್ಲಿಗೆ ಹೋಗಿ ಯಾವ ಲೇತು ಇಟ್ಟಿದ್ದಾರೆ ನೋಡಿಕೊಂಡು ಬರೋಣ ಅಂದರು. "ಅಪ್ಪ, ಇಲ್ಲಿ ಹಾಗೆಲ್ಲ ಹೇಳ್ದೆ ಕೇಳ್ದೆ ನುಗ್ಗೋಹಾಗಿಲ್ಲ" ಅಂತ ಮಗಳು ಅಂದದ್ದರಿಂದ ಒನ್ ಡ್ರಾಪ್ ಕಂಪನಿ ಒಂದು ಇನ್‌ಸ್ಪೆಕ್ಷನ್ನಿನಿಂದ ಪಾರಾಯಿತು.

"ಇದು ಕೊಲಾಬ್ ತಾತ, ಇಬ್ರೂ ಸೇರಿ ಡಿಸೈನ್ ಮಾಡಿದ್ದು" ಅಂತ ಹುಡುಗ ಹೆಮ್ಮೆಯಿಂದ ಹೇಳಿದ.

"ಕೊಲಾಬರೇಷನ್ ಅಂದ್ರೆ ಏನು ಅಂತ ನನಗೆ ಹೇಳ್ತೀಯೇನೋ?" ಅಂತ ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "1953ರಲ್ಲಿ ನಮ್ಮ ಫ್ಯಾಕ್ಟರಿ ಹುಟ್ಟಿದ್ದೇ ಸ್ವಿಸ್ ಕಂಪನಿ ಓರ್ಲಿಕಾನ್ ಜೊತೆ ಕೊಲಾಬರೇಷನ್ನಲ್ಲಿ. 1961ರಲ್ಲಿ ವಾಚಿಗೆ ಕೈ ಹಾಕಿದ್ದು ಜಪಾನಿನ ಸಿಟಿಜನ್ ಜೊತೆ. ಅಲ್ಲೊಬ್ಬ ಗುರು, ಇಲ್ಲೊಬ್ಬ ಶಿಷ್ಯ. ಡ್ರಾಯಿಂಗು ಅವರದ್ದು, ಕೈ ನಮ್ಮದು. ಯಾರ ಮಾತು ಯಾರು ಕೇಳಬೇಕು ಅನ್ನೋದ್ರಲ್ಲಿ ಗೊಂದಲ ಇರ್ಲಿಲ್ಲ. ಇಲ್ಲಿ ಇಬ್ರೂ ಗುರುಗಳೇ ಆದ್ರೆ ಎತ್ತು ಏರಿಗೆ, ಕೋಣ ನೀರಿಗೆ. ಅದಿರ್ಲಿ, ಮಾಲಲ್ಲಿ ತಪ್ಪು ಬಂತು ಅನ್ಕೋ. ರಿಜೆಕ್ಷನ್ ಸ್ಲಿಪ್ ಯಾರ ಹೆಸರಿಗೆ ಬರೆಯೋದು?"

ಹುಡುಗ ತಬ್ಬಿಬ್ಬಾದ. ನಾನು ಬಿಡಲಿಲ್ಲ. "ನಿಮ್ಮ ಮೊಮ್ಮಗನೂ ಎರಡು ಮನೆತನದ ಕೊಲಾಬರೇಷನ್ನೇ ಅಲ್ವೇನ್ರೀ? ಅವನ ಹಠಕ್ಕೆ ಸ್ಲಿಪ್ಪು ಯಾರ ಹೆಸರಿಗೆ ಬರೆದ್ರಿ?" ಅಂದೆ. "ಬೀಗರ ಹೆಸರಿಗೆ" ಅಂತ ಮುಲಾಜಿಲ್ಲದೆ ಅಂದರು. ಅಳಿಯಂದಿರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ, ಸದ್ಯ.

ಆದರೆ ಇವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಯೋಯೋದಲ್ಲಿ ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಅಲ್ಲಾಡುತ್ತದೆ. ಅಂಚಿಗೆ ಭಾರ ಕೊಟ್ಟರೆ ಹೆಚ್ಚು ಹೊತ್ತು ತಿರುಗುತ್ತದೆ, ಆದರೆ ಕೈಗೆ ಜಡವಾಗಬಹುದು. ಅಗಲ ಮಾಡಿದರೆ ದಾರಕ್ಕೆ ಸುಲಭವಾಗಿ ಸಿಕ್ಕುತ್ತದೆ, ಆದರೆ ಎರಡು ದಾರದ ನಡುವೆ ನುಸುಳಲು ದೊಡ್ಡದಾಗುತ್ತದೆ. ಒಬ್ಬರ ತಲೆಯೊಳಗೇ ಇಷ್ಟು ಜಗಳವಿರುವ ಡಿಸೈನನ್ನು ಗಡಿಯ ಆಚೆ ಒಬ್ಬರು ಈಚೆ ಒಬ್ಬರು ಕೂತು ಮಾಡುವುದೆಂದರೆ ಸುಮ್ಮನೆ ಆಗುವ ಕೆಲಸವಲ್ಲ.

ಇನ್‌ಸ್ಪೆಕ್ಷನ್ ಶುರುವಾಯಿತು. ಮೊದಲು ತೂಕ. ಮಗಳು ಕೇಕಿನ ಹಿಟ್ಟು ತೂಗುವ ತಕ್ಕಡಿ ಬಂತು, ಅದರ ಮೇಲೆ ಯೋಯೋ ಕೂತಿತು. ನಾನು ಗೊಣಗಿದರೆ ಅಳಿಯಂದಿರು ಆ ಕಡೆಯವರ ಒಂದು ಹಳೇ ಕಥೆ ಹೇಳಿದರು. ಯೂಜೀನಿನಲ್ಲಿ ಓಟದ ಕೋಚ್ ಆಗಿದ್ದ ಬಿಲ್ ಬೋವರ್‌ಮನ್ 1970ರ ದಶಕದ ಮೊದಲಲ್ಲಿ ಬೂಟಿಗೆ ಹೊಸ ಬಗೆಯ ಅಟ್ಟೆ ಮಾಡುತ್ತೇನೆಂದು ಹೆಂಡತಿಯ ವಾಫಲ್ ಕಾವಲಿಗೆ ರಬ್ಬರ್ ಹುಯ್ದರಂತೆ. ಕಾವಲಿ ಹಾಳಾಯಿತು, ಆ ಅಟ್ಟೆಯ ಬೂಟಿನಿಂದ ನೈಕಿ ಕಂಪನಿಗೆ ಹೆಸರು ಬಂತು. ಆ ನೈಕಿಯ ಮುಖ್ಯ ಕಚೇರಿ ಇರುವುದೂ ಬೀವರ್ಟನ್ನಿನ ಮಗ್ಗುಲಲ್ಲೇ. ಗಂಡಸರ ಸಂಶೋಧನೆಯೆಲ್ಲ ಹೆಂಗಸರ ಅಡಿಗೆಮನೆಯಿಂದಲೇ ಏಕೆ ಶುರುವಾಗಬೇಕೋ! ಅಳಿಯಂದಿರ ಮುಂದೆ ಅಷ್ಟು ಅನ್ನಲಾಗಲಿಲ್ಲ, ಇಲ್ಲಿ ಬರೆದಿದ್ದೇನೆ.

ಈ ಜಾತಿಯ ಯೋಯೋಗಳು ಸಾಮಾನ್ಯವಾಗಿ 60ರಿಂದ 70 ಗ್ರಾಂ ತೂಗುತ್ತವೆ, ಅಡ್ಡಳತೆ 50ರಿಂದ 58 ಮಿಲಿಮೀಟರ್. ಇದೂ ಆ ಮಿತಿಯಲ್ಲೇ ಇತ್ತು. ತೂಕ ಎಷ್ಟು ಅನ್ನುವುದು ಇಲ್ಲಿ ಅರ್ಧ ಲೆಕ್ಕ, ತೂಕ ಎಲ್ಲಿದೆ ಅನ್ನುವುದು ಉಳಿದರ್ಧ. ಒಂದು ಗ್ರಾಂ ಲೋಹವನ್ನು ನಡುವಿನಿಂದ ಎರಡರಷ್ಟು ದೂರಕ್ಕೆ ಸರಿಸಿದರೆ ತಿರುಗಾಟವನ್ನು ಉಳಿಸಿಕೊಳ್ಳುವ ಅದರ ಶಕ್ತಿ ನಾಲ್ಕರಷ್ಟಾಗುತ್ತದೆ. ಅದಕ್ಕೇ ನಡುವಿನ ಲೋಹವನ್ನು ಕೊರೆದು ತೆಗೆದು ಅಂಚಿನಲ್ಲಿ ಉಳಿಸುತ್ತಾರೆ. ಪಂದ್ಯದ ಹುಡುಗರು ಈಗೀಗ ಅಲ್ಯೂಮಿನಿಯಂ ಮೈಗೆ ಸ್ಟೀಲ್ ಬಳೆ ತೊಡಿಸಿದ್ದನ್ನು ಹೆಚ್ಚಾಗಿ ಆಡುತ್ತಾರೆ. ಸ್ಟೀಲು ಅಲ್ಯೂಮಿನಿಯಂಗಿಂತ ಹತ್ತಿರ ಹತ್ತಿರ ಮೂರು ಪಟ್ಟು ಭಾರ, ಅದೂ ಅಂಚಿನಲ್ಲಿ. ಸಮಿಟ್‌ಗೆ ಅಂಥ ಒಡವೆ ಇಲ್ಲ, ಇಡೀ ಮೈ ಅಲ್ಯೂಮಿನಿಯಂ.

ಒಡವೆ ಇರುವುದು ಹೊಟ್ಟೆಯಲ್ಲಿ. ಮಾಮೂಲಿ ಲೋಹದ ಯೋಯೋದಲ್ಲಿ ಎರಡು ಹೋಳನ್ನು ಒಂದು ಅಚ್ಚಿನ ಸ್ಕ್ರೂ ಹಿಡಿದಿರುತ್ತದೆ, ಅಲ್ಲಿಗೆ ಮುಗಿಯಿತು. ಇದರಲ್ಲಿ ಪ್ರತಿ ಹೋಳಿನ ನಟ್ಟನಡುವೆ ತೂತಿದೆ, ಅದಕ್ಕೆ ಹೊರಗಿನಿಂದ ಗುಂಡಿಯಂಥ ಪುಟ್ಟ ತುಂಡೊಂದನ್ನು ಕೂರಿಸಬೇಕು. ಅಚ್ಚು ಹಿಡಿಯುವುದು ಆ ತುಂಡುಗಳನ್ನು. ಒನ್ ಡ್ರಾಪ್‌ನವರು ಕಂಡುಹಿಡಿದ ಇದಕ್ಕೆ ಸೈಡ್ ಎಫೆಕ್ಟ್ ಅಂತ ಹೆಸರು. ಮಾತ್ರೆ ನುಂಗುವ ವಯಸ್ಸಿನವರಾದ ನಮಗಿಬ್ಬರಿಗೆ ಆ ಹೆಸರು ಕೇಳಿಯೇ ಎದೆ ಧಸಕ್ಕೆಂದಿತು. ಈ ತುಂಡುಗಳು ಅಲ್ಯೂಮಿನಿಯಂ, ಟೈಟೇನಿಯಂ, ಹಿತ್ತಾಳೆಯಲ್ಲಿ ಸಿಗುತ್ತವೆ. ಚಪ್ಪಟೆ, ಗುಮ್ಮಟ, ಮುಳ್ಳು ಅಂತ ಆಕಾರಗಳೂ ಉಂಟು. ಹಿತ್ತಾಳೆಯ ಜೋಡಿ ಹಾಕಿದರೆ ತೂಕ ಕೆಲವು ಗ್ರಾಂ ಏರುತ್ತದೆ. ಆ ಭಾರ ನಡುವಿನಲ್ಲೇ ಇರುವುದರಿಂದ ತಿರುಗುವ ಹೊತ್ತು ಅಷ್ಟೇನೂ ಹೆಚ್ಚದು, ಕೈಗೆ ಮಾತ್ರ ಬೇರೆಯದೇ ಯೋಯೋ ಹಿಡಿದಂತಾಗುತ್ತದೆ.

ಇವರು ಮೂಗು ಮುರಿದರು. "ಜೋಡಣೆ ಜಾಸ್ತಿ ಆದಷ್ಟೂ ತರಲೆ ಜಾಸ್ತಿ. ಒಂದೊಂದು ಫಿಟ್ಟಿಂಗೂ ತನ್ನ ಪಾಲಿನ ರನ್‌ಔಟ್, ಅಂದ್ರೆ ನಡುತಪ್ಪಿದ ಓಲಾಟ, ತಂದೇ ತರತ್ತೆ. ಇದು ನಡುಗದೇ ಇದ್ರೆ ನನ್ನ ಹೆಸರು ಬದಲಾಯಿಸು."

ನಡುಕಕ್ಕೆ ಯೋಯೋ ಆಡುವವರು ವೈಬ್ ಅನ್ನುತ್ತಾರೆ, ಅದನ್ನು ಪತ್ತೆ ಮಾಡುವ ಉಪಕರಣ ಉಗುರು. ಹುಡುಗ ಯೋಯೋವನ್ನು ಬಲವಾಗಿ ಕೆಳಕ್ಕೆಸೆದು ದಾರ ಬಿಗಿಹಿಡಿದು ನಿಂತ. ಅದು ನಿಂತಲ್ಲೇ ತಿರುಗುತ್ತಿತ್ತು, ತಿರುಗುತ್ತಿದೆಯೆಂದು ಮೈಮೇಲಿನ ಬಣ್ಣದ ಚುಕ್ಕಿಗಳು ಕಲೆಸಿಹೋದದ್ದರಿಂದ ಮಾತ್ರ ಗೊತ್ತಾಗಬೇಕು. ತಾತ ಕನ್ನಡಕ ಹಣೆಗೇರಿಸಿ, ಬಗ್ಗಿ, ಕಿರುಬೆರಳಿನ ಉಗುರನ್ನು ಅಂಚಿಗೆ ಮುಟ್ಟಿಯೂ ಮುಟ್ಟದ ಹಾಗೆ ತಗುಲಿಸಿದರು. ಝುಂ ಅಂತ ಸಣ್ಣಗೆ ಸದ್ದಾಯಿತು. "ಹೇಳಿರ್ಲಿಲ್ವಾ!" ಅಂದರು, ಲಾಟರಿ ಹೊಡೆದವರ ದನಿಯಲ್ಲಿ. ಹುಡುಗ ಮಾತಾಡದೆ ಯೋಯೋ ಬಿಚ್ಚಿದ, ಒಂದು ಕಡೆಯ ತುಂಡನ್ನು ಸ್ವಲ್ಪವೇ ಸ್ವಲ್ಪ ತಿರುಗಿಸಿ ಕೂರಿಸಿದ, ಮತ್ತೆ ಬಿಗಿದು ಎಸೆದ. ಮತ್ತೆ ಉಗುರು. ಸದ್ದು ಕಮ್ಮಿಯಾಯಿತು. ಮತ್ತೆ ಬಿಚ್ಚಿ ಇನ್ನೊಂದಿಷ್ಟು. ಹೀಗೇ ಆಗುತ್ತಾ ಆಗುತ್ತಾ ಕೊನೆಗೆ ಉಗುರಿಗೆ ಏನೂ ತಿಳಿಯದಾಯಿತು. ತಾತ ಉಗುರನ್ನೇ ಒಮ್ಮೆ ನೋಡಿಕೊಂಡು ಇನ್ನೊಂದು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ "ಓಕೆ" ಅಂದರು. ಈ ಮನುಷ್ಯರ ಬಾಯಿಂದ ಓಕೆ ಬರುವುದೆಂದರೆ ಏನೆಂದು ನನಗೆ ಗೊತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹುಳಿಗೆ ಇನ್ನೂ "ಪರವಾಗಿಲ್ಲ" ಸರ್ಟಿಫಿಕೇಟೇ.

ಆದರೂ ತಕರಾರು ನಿಲ್ಲಲಿಲ್ಲ. "ಇದು ಅಸೆಂಬ್ಲಿ ಸೆಕ್ಷನ್ನಿನವರು ಮಾಡ್ಬೇಕಾದ ಕೆಲಸ ಕಣೋ. ದುಡ್ಡು ಕೊಟ್ಟ ಗಿರಾಕಿ ಕೈಲಿ ಮಾಡಿಸ್ತಾರಲ್ಲ?"

"ಅದೇ ಮಜಾ ತಾತ. ಹೇಗ್ ಬೇಕೋ ಹಾಗ್ ಮಾಡ್ಕೋಬಹುದು."

ಅಂದರೆ ಡಿಸೈನಿಗೆ ಇಬ್ಬರೂ ಸಾಲದು ಅಂತ ಮೂರನೆಯವನಿಗೂ ಒಂದು ಕುರ್ಚಿ ಹಾಕಿದ್ದಾರೆ. ನನಗೆ ಈ ಯೋಯೋದಲ್ಲಿ ನಿಜವಾಗಿ ಹಿಡಿಸಿದ್ದು ಇದೊಂದೇ. ಹೆಚ್ಚುಕಮ್ಮಿ ಎಲ್ಲ ವಸ್ತುಗಳೂ ಈಗ ಬಿಚ್ಚಬೇಡಿ, ಮುಟ್ಟಬೇಡಿ, ವಾರಂಟಿ ಹೋಗುತ್ತದೆ ಅಂತ ಹೆದರಿಸುತ್ತವೆ.

ಇನ್ನು ಮೈಮೇಲಿನ ಗಾಯದ ವಿಚಾರ. ಸಮಿಟ್ ಬಂದು ಹತ್ತು ವರ್ಷದ ಮೇಲಾಯಿತು, ಇವನಿಗೆ ಸಿಕ್ಕಿದ್ದು ಕೈಬದಲಾಗಿ ಬಂದ ಮಾಲು. ಮಾರಿದವನು ಎಲ್ಲ ದಿಕ್ಕಿನಿಂದ ಫೋಟೋ ತೆಗೆದು, ಅಂಚಿನಲ್ಲಿ ಗುಂಡುಸೂಜಿ ಮೊನೆಯಷ್ಟು ಗುರುತಿದೆ ಅಂತ ಮೊದಲೇ ಬರೆದು ತಿಳಿಸಿದ್ದನಂತೆ. ಇವರು ಭೂತಗನ್ನಡಿ ಹಿಡಿದು ಹುಡುಕಿದರು. ಸಿಗಲಿಲ್ಲ. "ಇದನ್ನ ಡಿಫೆಕ್ಟ್ ಅಂತ ಬರೆದವನನ್ನ ನಮ್ಮ ಸೆಕ್ಷನ್ನಿಗೆ ಸೇರಿಸ್ಕೋಬೇಕಿತ್ತು" ಅಂತ ನಿಟ್ಟುಸಿರು ಬಿಟ್ಟರು. ಬಣ್ಣವೂ ಬಳಿದದ್ದಲ್ಲ. ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟು ಹರಿಸಿದರೆ ಅಲ್ಯೂಮಿನಿಯಂ ಮೇಲೆ ಗಟ್ಟಿಯಾದ ಪದರ ಬೆಳೆಯುತ್ತದೆ, ಅದರ ಕಣ್ಣಿಗೆ ಕಾಣದ ರಂಧ್ರಗಳು ಬಣ್ಣ ಕುಡಿಯುತ್ತವೆ. ಆನೋಡೈಸಿಂಗ್ ಅಂತ. ಕೆನಡಾದವರ ಚುಕ್ಕಿ ಬಣ್ಣಗಳಿಗಾಗಿಯೇ ಯೋಯೋ ಕೂಡಿಡುವವರಿದ್ದಾರಂತೆ, ಡಬ್ಬಿಯಿಂದ ಹೊರಗೇ ತೆಗೆಯದೆ. ಆಡದೆ ಇಡುವ ಆಟಿಕೆಗಿಂತ ದೊಡ್ಡ ದಂಡ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಬೀರುವಿನಲ್ಲಿ ಮಡಿಕೆ ಬಿಚ್ಚದ ರೇಷ್ಮೆ ಸೀರೆಗಳಿರುವುದರಿಂದ ಜೋರಾಗಿ ಹೇಳಲಿಲ್ಲ.

ಹುಡುಗ ಆಡಿ ತೋರಿಸಿದ. ಯೋಯೋವನ್ನು ಪಕ್ಕಕ್ಕೆ ಬೀಸಿ ಎಸೆದು, ಎಡಗೈ ಬೆರಳಿಗೆ ದಾರ ತಗುಲಿಸಿ, ತಿರುಗಿ ಬರುವ ಯೋಯೋವನ್ನು ಅದೇ ದಾರದ ಮೇಲೆ ಇಳಿಸುವುದು ಟ್ರಪೀಜ್. ಅಲ್ಲಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ದಾರದ ಮೇಲೇ ಹಿಡಿದರೆ ಈಲೈ ಹಾಪ್. ದಾರ ಯೋಯೋದ ಒಂದು ಒಳಗೋಡೆಗೆ ಉಜ್ಜಿದರೆ ಸಾಕು, ಯೋಯೋ ಓರೆಯಾಗಿ, ಮೆಲ್ಲಗೆ ಪಕ್ಕಕ್ಕೆ ತಿರುಗತೊಡಗುತ್ತದೆ. ಆಗ ಆಡುವವನೂ ಅದರ ಜೊತೆ ಸುತ್ತಬೇಕು. ಹುಡುಗ ಸೋಫಾದಿಂದ ಶುರುಮಾಡಿ ಫ್ರಿಜ್ಜಿನವರೆಗೂ ಹಾಗೇ ಸುತ್ತಿಕೊಂಡು ಹೋದ. ಎಷ್ಟು ಚೆನ್ನಾಗಿ ಕಡೆದಿದ್ದರೂ ಓರೆ ಕೈಗೆ ಮದ್ದಿಲ್ಲ.

"ಇದು ಗಂಡುಹುಡುಗರ ಆಟ, ನೀನು ಕಾಫಿ ಮಾಡು ಹೋಗು" ಅಂತ ಇವರು ನನಗೆ ಹೇಳಿದ್ದರಿಂದ ಸ್ವಲ್ಪ ಇತಿಹಾಸ ಹೇಳಬೇಕಾಯಿತು. ಬರ್ಲಿನ್ನಿನಲ್ಲಿರುವ ಕ್ರಿ.ಪೂ. 440ರ ಸುಮಾರಿನ ಗ್ರೀಕ್ ಪಾತ್ರೆಯ ಮೇಲೆ ಯೋಯೋ ಆಡುತ್ತಿರುವವನು ಹುಡುಗ, ಒಪ್ಪಿದೆ. ನಮ್ಮ ರಾಜಸ್ಥಾನದ ಬೂಂದಿ, ಕೋಟಾ ಕಡೆಯ 1770ರ ಸುಮಾರಿನ ಚಿತ್ರದಲ್ಲಿ ಆಡುತ್ತಿರುವವಳು ಹೆಂಗಸು. ಅವಳಿಗೆ ಯಾರೂ ಕಾಫಿ ಮಾಡು ಅಂದ ಹಾಗಿಲ್ಲ. ಅಮೆರಿಕಕ್ಕೆ ಈ ಹುಚ್ಚು ಹಿಡಿಸಿದವನು ಫಿಲಿಪ್ಪೀನ್ಸ್‌ನಿಂದ ವಲಸೆ ಬಂದ ಪೆಡ್ರೋ ಫ್ಲೋರೆಸ್. 1928ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ತಯಾರಿ ಶುರುಮಾಡಿದ. ಅವನ ಯೋಯೋದಲ್ಲಿ ದಾರಕ್ಕೆ ಗಂಟಿಲ್ಲ, ಅಚ್ಚಿಗೆ ಸುಮ್ಮನೆ ಬಳಸಿದ್ದು ಅಷ್ಟೆ. ಅದರಿಂದಲೇ ತುದಿಯಲ್ಲಿ ನಿಂತು ತಿರುಗುವುದು ಸಾಧ್ಯವಾಗಿ, ಆಮೇಲಿನ ಎಲ್ಲ ಚಮತ್ಕಾರಕ್ಕೂ ದಾರಿಯಾಯಿತು. ಅವನ ಕಂಪನಿಯನ್ನು ಡಂಕನ್ ಎಂಬವನು ಕೊಂಡ, ಹೆಸರೂ ದುಡ್ಡೂ ಡಂಕನ್ನಿಗೆ ಹೋಯಿತು. ಇಷ್ಟು ಹೇಳುವುದರೊಳಗೆ ಇವರೇ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು.

ಕೊನೆಗೆ ಬೆಲೆಯ ಪ್ರಶ್ನೆ ನಾನೇ ಎತ್ತಿದೆ. 2014ರಲ್ಲಿ ಪ್ರಾಗ್‌ನಲ್ಲಿ ವಿಶ್ವ ಚಾಂಪಿಯನ್ ಆದ ಜೆಂಟ್ರಿ ಸ್ಟೈನ್ ಅವರ ಯೋಯೋ ಶಟರ್. ಯೋಯೋಫ್ಯಾಕ್ಟರಿ ಕಂಪನಿ ಅವರಿಗಾಗಿಯೇ ಮಾಡಿದ್ದು, ಬೆಲೆ ಸಮಿಟ್‌ಗಿಂತ ಎಷ್ಟೋ ಕಮ್ಮಿ. ಚಾಂಪಿಯನ್‌ಗೆ ಸಾಕಾದದ್ದು ನಿನಗೆ ಯಾಕಪ್ಪ ಸಾಲದು ಅಂದೆ. "ಇದು ಪಂದ್ಯಕ್ಕಲ್ಲ ಅಜ್ಜಿ, ಸುಮ್ನೆ ಆಡ್ತಾ ಇರೋಕೆ. ಕೈಗೆ ಬಂದು ಕೂತಾಗ ಒಂಥರಾ ಚೆನ್ನಾಗಿರತ್ತೆ" ಅಂದ. ಒಂಥರಾ ಚೆನ್ನಾಗಿರುವುದಕ್ಕೆ ನೂರು ಡಾಲರೇ ಅಂತ ನಾನು ಹುಬ್ಬೇರಿಸುವಷ್ಟರಲ್ಲಿ ಇವರು ಪಕ್ಷಾಂತರ ಮಾಡಿಬಿಟ್ಟರು. "ನಿನಗೆ ಗೊತ್ತಾಗಲ್ಲ ಬಿಡೇ, ಫಿನಿಶಿಂಗು ಅಂದ್ರೆ ಅದೇ." ನನ್ನ ತೀರ್ಪು ನನ್ನಲ್ಲೇ ಇರಲಿ: ಕಲಿಯುವವರಿಗೆ ಇದು ಬೇಡ, ಗೆಲ್ಲಬೇಕೆನ್ನುವವರಿಗೂ ಇದೇ ಆಗಬೇಕೆಂದಿಲ್ಲ, ಬಿಚ್ಚಿ ಜೋಡಿಸುವ ಚಟ ಇರುವವರು ಕೈಗೆತ್ತಿಕೊಂಡರೆ ಕೆಳಗಿಡುವುದಿಲ್ಲ. ಅಂಥವರು ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ.

ಹೊರಡುವ ಹೊತ್ತಿಗೆ ಮೊಮ್ಮಗ ಹಿತ್ತಾಳೆಯ ಜೋಡಿ ಬೇಕು ಅಂತ ಶುರುಮಾಡಿದ. "ಅದಕ್ಯಾಕೆ ದುಡ್ಡು ದಂಡ, ನಾನು ಪೀಣ್ಯದಲ್ಲಿ ಮಾಡಿಸಿ ಕಳಿಸ್ತೀನಿ" ಅಂತ ತಾತ ತುಂಡಿನ ಅಳತೆಯೆಲ್ಲ ತೆಗೆದು ದಿನಸಿ ಬಿಲ್ಲಿನ ಹಿಂದೆ ಡ್ರಾಯಿಂಗ್ ಮಾಡಿಕೊಂಡರು. ಬೆಂಗಳೂರಿಗೆ ಬಂದವರೇ ಪೀಣ್ಯದಲ್ಲಿ ವರ್ಕ್‌ಶಾಪ್ ಇಟ್ಟಿರುವ ಹಳೇ ಶಿಷ್ಯನ ಬಳಿಗೆ ಹೋದರು, ತರಕಾರಿ ತರಲು ಹೊರಟಿದ್ದ ನನ್ನನ್ನೂ ಎಳೆದುಕೊಂಡು.

"ಎಷ್ಟು ಪೀಸ್ ಸಾರ್?" ಅಂದ ಅವನು.

"ಎರಡು."

"ಎರಡು ಸಾವಿರಾನಾ?"

"ಎರಡಪ್ಪಾ. ಒಂದು, ಎರಡು."

ಅವನು ಡ್ರಾಯಿಂಗನ್ನು ತಿರುಗಿಸಿ ಮುರುಗಿಸಿ ನೋಡಿದ. ಇದರ ಸೆಟ್ಟಿಂಗ್ ಚಾರ್ಜಿನಲ್ಲಿ ಅಮೆರಿಕದಿಂದಲೇ ತರಿಸಿಬಿಡಬಹುದು ಅಂತ ಮೆಲ್ಲಗೆ ಹೇಳಿದ. ಆಟದ ಸಾಮಾನಿಗೆ ಇಷ್ಟು ಟೈಟ್ ಟಾಲರೆನ್ಸ್ ಯಾಕೆ ಸಾರ್ ಅಂತಲೂ ಕೇಳಿದ. ಇವರು ನಿಂತಲ್ಲೇ ವೈಬ್, ಉಗುರು, ಅಂಚಿನ ಭಾರ ಎಲ್ಲ ವಿವರಿಸಿದರು. ಅವನಿಗೂ ಹಿಡಿಯಿತು ಅಂತ ಕಾಣುತ್ತದೆ, ದುಡ್ಡಿನ ಮಾತು ಬಿಟ್ಟು ಡ್ರಾಯಿಂಗ್ ಇಟ್ಟುಹೋಗಿ ಅಂದ. ಮಾರನೇ ದಿನ ಫೋನು ಬಂತು: ಒಳಮೂಲೆಯ ರೇಡಿಯಸ್ ಸರಿಯಿಲ್ಲ, ನಾನು ಸ್ವಲ್ಪ ಬದಲಾಯಿಸಿದ್ದೀನಿ ಸಾರ್.

"ನನ್ನ ಡ್ರಾಯಿಂಗ್ ತಿದ್ದೋಕೆ ಅವನ್ಯಾರು?" ಅಂತ ಇವರು ಹಾರಾಡಿದರು. ಈಗ ದಿನಾ ಸಂಜೆ ಫೋನಿನಲ್ಲಿ ವಾದ ನಡೆಯುತ್ತಿದೆ. ಇಬ್ಬರಲ್ಲಿ ಎಡ್ಮಂಟನ್ ಯಾರು, ಯೂಜೀನ್ ಯಾರು ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ಹಿತ್ತಾಳೆ ಮಾತ್ರ ಶಿಷ್ಯ ತಂದಿಟ್ಟಿದ್ದಾನಂತೆ.